ಎದುರಿಗಿರೋರ ಮನಸ್ಸಲ್ಲಿ ಏನಿದೆ ಅಂತ ನಮಗೆ ನಿಜವಾಗ್ಲೂ ಎಷ್ಟು ಗೊತ್ತಾಗುತ್ತೆ?

ಬನಶಂಕರಿ ಬಸ್‌ಸ್ಟಾಪ್

ಹೋದ ವಾರ ಆಫೀಸಲ್ಲಿ ಸಾಫ್ಟ್ ಸ್ಕಿಲ್ಸ್ ಟ್ರೈನಿಂಗ್ ಇತ್ತು. ಟ್ರೈನರ್ ಒಂದು ಸ್ಲೈಡ್ ಹಾಕಿ ಸಂವಹನದಲ್ಲಿ ಮಾತಿನ ಪಾಲು ಬರೀ 7 ಪರ್ಸೆಂಟ್, ದನಿ 38, ಮುಖ ಮೈಕೈ ಭಾಷೆ 55, ಅಂದ್ರೆ 93 ಪರ್ಸೆಂಟ್ ವಿಷ್ಯ ಬಾಯಿ ಬಿಡದೇನೇ ಗೊತ್ತಾಗಿಹೋಗುತ್ತೆ ಅಂದ್ರು. ಎಲ್ರೂ ತಲೆ ಆಡಿಸಿದ್ರು, ಕೆಲವ್ರು ಫೋಟೋನೂ ಹೊಡ್ಕೊಂಡ್ರು. ನಂಗೊಂದು ಡೌಟು. ಹಂಗಿದ್ರೆ ಭಾಷೆ ಬರದ ಊರಿಗೆ ಹೋಗಿ ಟೀ ಅಂಗಡಿ ಮುಂದೆ ನಿಂತ್ರೆ ಅಲ್ಲಿ ನಡೀತಿರೋ ಜಗಳ ಮುಕ್ಕಾಲು ಭಾಗ ಅರ್ಥ ಆಗಿಬಿಡ್ಬೇಕಿತ್ತಲ್ವಾ, ಯಾರು ಯಾರಿಗೆ ದುಡ್ಡು ಕೊಡ್ಬೇಕು, ಯಾಕೆ ಕೊಟ್ಟಿಲ್ಲ, ಎಲ್ಲಾ. ಇದನ್ನ ಯಾರಾದ್ರೂ ಸರಿಯಾಗಿ ಅಳತೆ ಮಾಡಿ ನೋಡಿದಾರಾ? ಮಾತಾಡ್ತಿರುವಾಗ ಎದುರಿಗಿರೋರ ತಲೇಲಿ ಏನು ಓಡ್ತಿದೆ ಅನ್ನೋದನ್ನ ನಾವು ಎಷ್ಟು ಕರೆಕ್ಟಾಗಿ ಊಹೆ ಮಾಡ್ತೀವಿ? ಗೊತ್ತಿರೋರು ಹೇಳಿ ಪ್ಲೀಸ್.

ಸುಮ್ನೆ ಓದೋಳು

ಆ ಸ್ಲೈಡು ಐವತ್ತು ವರ್ಷದಿಂದ ಊರೂರು ಸುತ್ತುತ್ತಿದೆ. ಮೂಲ ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಲಾಸ್ ಏಂಜಲೀಸ್ ಪ್ರೊಫೆಸರ್, 1967ರ ಎರಡು ಸಣ್ಣ ಪ್ರಯೋಗ. ಒಂದರಲ್ಲಿ ಬಿಡಿ ಬಿಡಿ ಪದಗಳನ್ನ ಬೇರೆ ಬೇರೆ ದನೀಲಿ ಕೇಳ್ಸಿದ್ರು. ಇನ್ನೊಂದರಲ್ಲಿ ‘ಮೇ ಬಿ’ ಅನ್ನೋ ಒಂದೇ ಪದ, ಜೊತೆಗೆ ಮುಖದ ಫೋಟೋ. ಕೇಳಿದ್ದು ಇಷ್ಟೇ, ಹೇಳ್ತಿರೋ ವ್ಯಕ್ತಿಗೆ ಎದುರಿನೋರ ಮೇಲೆ ಇಷ್ಟ ಇದ್ಯಾ ಇಲ್ವಾ. ಮಾತು ಒಂದು ಹೇಳ್ತಿದ್ದು ಮುಖ ಇನ್ನೊಂದು ಹೇಳಿದ್ರೆ ಜನ ಯಾವುದನ್ನ ನಂಬ್ತಾರೆ ಅನ್ನೋದಕ್ಕೆ ಅದು ಉತ್ತರ. ಜಗಳ, ಮೀಟಿಂಗು, ಪಾಠ ಇವಕ್ಕೆಲ್ಲಾ ಅನ್ವಯಿಸಬೇಡಿ ಅಂತ ಮೆಹ್ರಾಬಿಯನ್ ಅವರೇ ಆಮೇಲೆ ಹೇಳಿದ್ರು, ಟ್ರೈನಿಂಗ್ ಕೊಡೋರು ಕೇಳಿಸ್ಕೊಳ್ಳಲಿಲ್ಲ.

ನಿಮ್ಮ ಅಸಲಿ ಪ್ರಶ್ನೆಗೆ ಅಳತೆ ಇದೆ. ಎಂಎ ಸೈಕಾಲಜಿ ಮಾಡುವಾಗ ಓದಿದ್ದು. ರಾತ್ರಿ ಬಂದು ಬರೀತೀನಿ, ಈಗ ಮಗು ಎದ್ದಿದೆ.

ಹುಬ್ಬಳ್ಳಿ ಹುಡ್ಗ

ಅಲ್ರೀ, ಇದಕ್ಕೆ ಪ್ರಯೋಗ ಯಾಕ್ ಬೇಕ್ರಿ? ನಮ್ಮದು ಸೀರಿ ಅಂಗಡಿ ಐತಿ. ನಮ್ಮಪ್ಪಾರು ಗಿರಾಕಿ ಮೆಟ್ಲ ಹತ್ತೂದು ನೋಡೇ ಹೇಳ್ತಿದ್ರು, ಇವ್ರು ತಗೊಳ್ಳಾವ್ರು, ಇವ್ರು ಸುಮ್ನ ಟೈಂಪಾಸ್ ಮಾಡಾಕ ಬಂದಾವ್ರು ಅಂತ. ಈಗ ನಾನೂ ಹೇಳ್ತೀನಿ. ಹೆಣ್ಮಗಳು ಸೀರಿ ಸೆರಗ ಹಿಡಕೊಂಡು ಗಂಡನ ಕಡೆ ನೋಡಿದ್ಲು ಅಂದ್ರ ರೇಟ್ ಜಾಸ್ತಿ ಆತು ಅಂತ ಅರ್ಥ. ಇಪ್ಪತ್ತು ವರ್ಷ ಗಲ್ಲೆದ ಮ್ಯಾಲೆ ಕುಂತ್ರ ಎಲ್ಲಾ ತಿಳೀತೈತ್ರಿ.

ಕುಡ್ಲದ ಕುವರಿ

ಹುಬ್ಬಳ್ಳಿಯವರೇ, ಸೀರೆ ಅಂಗಡಿಯಲ್ಲಿ ಗಂಡನ ಕಡೆ ನೋಡುದು ರೇಟಿಗೆ ಮಾತ್ರ ಅಲ್ಲ ಮಾರಾಯ್ರೆ. ನಾನು ನೋಡುದು ಇವರು ಎಲ್ಲಿ ನಿದ್ದೆ ಹೋದ್ರಾ ಅಂತ.

ಸುಮ್ನೆ ಓದೋಳು

ಬಂದೆ. ಟೆಕ್ಸಾಸ್‌ನ ಆರ್ಲಿಂಗ್ಟನ್ ಯೂನಿವರ್ಸಿಟೀಲಿ ವಿಲಿಯಂ ಇಕ್ಸ್ ಅಂತ ಇದ್ರು. ಇದನ್ನ ಅಳೆಯೋಕೆ ಅವರು ಮಾಡಿದ ಉಪಾಯ ನಂಗೆ ಬಹಳ ಇಷ್ಟ, ಯಾಕಂದ್ರೆ ಫೋಟೋ ತೋರ್ಸಿ ‘ಇದು ಕೋಪಾನಾ ದುಃಖಾನಾ’ ಅಂತ ಕೇಳೋ ಟೈಪ್ ಅಲ್ಲ ಅದು. ಗುರುತು ಪರಿಚಯ ಇಲ್ಲದ ಇಬ್ರು ಸ್ಟೂಡೆಂಟ್ಸನ್ನ ಒಂದು ರೂಮಲ್ಲಿ ಕೂರಿಸಿ ಏನೋ ನೆಪ ಹೇಳಿ ಸಂಶೋಧಕರು ಹೊರಗೆ ಹೋಗ್ತಾರೆ. ಇವ್ರಿಬ್ರು ಸುಮ್ನಿರಲಾರ್ದೆ ಮಾತಾಡ್ತಾರೆ, ಮುಚ್ಚಿಟ್ಟ ಕ್ಯಾಮೆರಾ ಕೆಲವು ನಿಮಿಷ ರೆಕಾರ್ಡ್ ಮಾಡುತ್ತೆ. ಆಮೇಲೆ ನಿಜ ಹೇಳಿ, ಒಪ್ಪಿಗೆ ತಗೊಂಡು, ಇಬ್ರಿಗೂ ಬೇರೆ ಬೇರೆ ರೂಮಲ್ಲಿ ಆ ವಿಡಿಯೋ ತೋರಿಸ್ತಾರೆ. ‘ಇಲ್ಲಿ ನನ್ನ ತಲೇಲಿ ಒಂದು ಯೋಚನೆ ಬಂದಿತ್ತು’ ಅನ್ನಿಸಿದ ಕಡೆ ನಿಲ್ಲಿಸಿ, ಅದೇನು ಅಂತ ಬರೀಬೇಕು. ‘ಇವಳು ಮಾತು ನಿಲ್ಲಿಸಿದ್ರೆ ಸಾಕಪ್ಪಾ’ ಅಂತಾನೋ ‘ನನ್ನ ಶರ್ಟ್ ನೋಡ್ತಿದಾಳಾ’ ಅಂತಾನೋ, ಏನಿತ್ತೋ ಅದು.

ಎರಡನೇ ಸಲ ವಿಡಿಯೋ ಓಡಿಸ್ತಾರೆ, ಈ ಸಲ ನಿಲ್ಲೋದು ಎದುರಿನೋರು ನಿಲ್ಲಿಸಿದ ಜಾಗದಲ್ಲಿ. ಆ ಕ್ಷಣ ಅವರು ಏನು ಯೋಚಿಸ್ತಿದ್ರು ಅಂತ ಇವರು ಊಹೆ ಮಾಡಿ ಬರೀಬೇಕು. ಎರಡೂ ಬರಹ ಪಕ್ಕಪಕ್ಕ ಇಟ್ಟು ಬೇರೆ ಜನ ಮಾರ್ಕ್ಸ್ ಹಾಕ್ತಾರೆ. ಸಂಬಂಧಾನೇ ಇಲ್ಲ ಅಂದ್ರೆ 0, ಹತ್ರ ಇದೆ ಆದ್ರೆ ಅದೇ ಅಲ್ಲ ಅಂದ್ರೆ 1, ಅದೇ ವಿಷ್ಯ ಅಂದ್ರೆ 2. ಕೊನೆಗೆ ನೂರಕ್ಕೆ ಎಷ್ಟು ಅಂತ ಲೆಕ್ಕ.

ರಿಸಲ್ಟು: ಅಪರಿಚಿತರು ಸುಮಾರು 20. ಆಪ್ತ ಸ್ನೇಹಿತರು, ಗಂಡ ಹೆಂಡತಿ ಸುಮಾರು 35. 60 ದಾಟಿದೋರು ಇಲ್ಲ ಅನ್ನೋಷ್ಟು ಕಮ್ಮಿ.

ಕುಡ್ಲದ ಕುವರಿ

ಅಯ್ಯೋ ದೇವರೇ. ಮೂವತ್ತೈದು ಅಂದ್ರೆ ನಮ್ಮ ಕಾಲದ ಎಸ್‌ಎಸ್‌ಎಲ್‌ಸಿ ಪಾಸ್ ಮಾರ್ಕು! ದಾಂಪತ್ಯ ಜಸ್ಟ್ ಪಾಸ್, ಉಳಿದವರೆಲ್ಲ ಫೇಲು. ಇನ್ನು ನಮ್ಮ ಮನೆಯವರು ‘ನಿನ್ನ ಮುಖ ನೋಡಿದ್ರೆ ಗೊತ್ತಾಗ್ತದೆ’ ಹೇಳುವಾಗ ಮಾರ್ಕ್ಸ್ ಕಾರ್ಡ್ ಕೇಳ್ತೇನೆ.

ಬನಶಂಕರಿ ಬಸ್‌ಸ್ಟಾಪ್

ನಂಗೆ ಇದು ತುಂಬಾ ಕಮ್ಮಿ ಅನ್ನಿಸ್ತಿದೆ. 20 ಮಾತ್ರ ಅರ್ಥ ಆಗೋದಾದ್ರೆ ದಿನಾ ಇಷ್ಟು ಜನದ ಜೊತೆ ನಾವು ವ್ಯವಹಾರ ಮಾಡ್ತಿರೋದಾದ್ರೂ ಹೆಂಗೆ? ಆಟೋದೋರ ಜೊತೆ ಮಾತಾಡಿದ್ರೆ ಸರಿಯಾಗೇ ಮನೆ ಸೇರ್ತೀವಲ್ಲ.

ಸುಮ್ನೆ ಓದೋಳು

ಆಟೋದೋರಿಗೆ ನೀವು ಎಲ್ಲಿಗೆ ಹೋಗ್ಬೇಕು ಅನ್ನೋದು ಬಾಯಿಬಿಟ್ಟು ಹೇಳಿರ್ತೀರ. ಇಲ್ಲಿ ಅಳೀತಿರೋದು ಹೇಳದೇ ಉಳಿದಿದ್ದನ್ನ. ಡ್ರೈವರ್ ‘ಮೀಟರ್ ಮೇಲೆ ಮೂವತ್ತು ಕೇಳಿದ್ರೆ ಇವ್ನು ಇಳಿದೇಬಿಡ್ತಾನೆ’ ಅಂದ್ಕೊಂಡಿದ್ದು ನಿಮಗೆ ಗೊತ್ತಾಗದಿದ್ರೂ ಮನೆ ಸೇರ್ತೀರ. ವ್ಯವಹಾರಕ್ಕೆ 20 ಸಾಕಾಗುತ್ತೆ. ತೊಂದ್ರೆ ಶುರು ಆಗೋದು ನಮಗೆ 80 ಗೊತ್ತು ಅಂದ್ಕೊಂಡಾಗ.

ಇನ್ನೊಂದು, ಹುಬ್ಬಳ್ಳಿ ಅಣ್ಣಾವ್ರಿಗೆ. ತಪ್ಪು ತಿಳ್ಕೋಬೇಡಿ, ಗಿರಾಕಿ ಏನೂ ತಗೊಳ್ಳದೆ ಇಳಿದು ಹೋದ್ರೆ ನೀವು ‘ರೇಟ್ ಜಾಸ್ತಿ ಆಯ್ತು’ ಅಂತ ತೀರ್ಮಾನ ಮಾಡ್ತೀರ ಅಲ್ವಾ, ಅದು ಸರೀನಾ ತಪ್ಪಾ ಅಂತ ನಿಮಗೆ ಯಾವತ್ತಾದ್ರೂ ಉತ್ತರ ಸಿಕ್ಕಿದ್ಯಾ? ಇಪ್ಪತ್ತು ವರ್ಷ ಊಹೆ ಮಾಡಿದ್ದು ಅನುಭವ ಆಗೋದು ಉತ್ತರ ಸಿಕ್ಕಿದಾಗ ಮಾತ್ರ. 1995ರಲ್ಲಿ ಇಕ್ಸ್ ಟೀಮು ಕೌನ್ಸೆಲಿಂಗ್ ಸೆಷನ್ ಥರದ ಟೇಪುಗಳನ್ನ ಜನಕ್ಕೆ ತೋರಿಸಿ ಊಹೆ ಮಾಡಿಸಿತ್ತು. ಊಹೆ ಮಾಡಿದ ತಕ್ಷಣ ‘ಟೇಪಲ್ಲಿರೋ ಆಕೆ ನಿಜವಾಗಿ ಯೋಚಿಸ್ತಿದ್ದಿದ್ದು ಇದು’ ಅಂತ ಉತ್ತರ ತೋರಿಸಿದ ಗುಂಪು ಬೇಗ ಸುಧಾರಿಸ್ತು.

ಹುಬ್ಬಳ್ಳಿ ಹುಡ್ಗ

ಖರೇ ಹೇಳ್ಬೇಕಂದ್ರ ಹೋಗಾವ್ರನ್ನ ಯಾರೂ ಕೇಳೂದಿಲ್ಲ ಬಿಡ್ರಿ. ಕೇಳಿದ್ರ ಮರ್ಯಾದಿ ಹೋಗ್ತೈತಿ ಅಂತ ನಮ್ಮಪ್ಪಾರು. ಆದ್ರೂ ನಾ ಒಪ್ಪಂಗಿಲ್ಲ, ಸೀರಿ ವ್ಯಾಪಾರದಾಗ ಮುಖ ಓದಾಕ ಬರ್ಲಿಲ್ಲ ಅಂದ್ರ ಅಂಗಡಿ ಮುಚ್ಚಬೇಕಾಗ್ತೈತಿ.

ಹೆಡ್‌ಸೆಟ್ ಹಾಕ್ಕೊಂಡೋನು

ನಾನು ಕಸ್ಟಮರ್ ಸಪೋರ್ಟ್‌ನಲ್ಲಿದೀನಿ, ಬರೀ ವಾಯ್ಸ್. ಮುಖ ಕಾಣಲ್ಲ, ಆದ್ರೂ ಕಾಲ್ ಎತ್ತಿ ಹತ್ತು ಸೆಕೆಂಡಲ್ಲಿ ಈ ಮನುಷ್ಯ ಬೈಯೋಕೆ ಫೋನ್ ಮಾಡಿದಾನಾ, ಭಯಕ್ಕೆ ಮಾಡಿದಾನಾ ಗೊತ್ತಾಗಿಬಿಡುತ್ತೆ. ವಿಡಿಯೋ ಮೀಟಿಂಗಲ್ಲಿ ನಮ್ಮ ಟೀಮ್‌ನೋರನ್ನೇ ನೋಡ್ತಾ ಕೂತ್ರೆ ಅಷ್ಟು ಗೊತ್ತಾಗಲ್ಲ. ನಂಗೊಬ್ಬಂಗೇ ಹಿಂಗಾ?

ಸುಮ್ನೆ ಓದೋಳು

ಇಲ್ಲ. 2017ರಲ್ಲಿ ಯೇಲ್‌ನ ಮೈಕಲ್ ಕ್ರಾಸ್ ಐದು ಪ್ರಯೋಗ ಮಾಡಿ ಪ್ರಕಟಿಸಿದ್ದು ಇದೇ, ಬರೀ ದನಿ ಕೇಳಿಸ್ಕೊಂಡೋರು ದನಿ ಮತ್ತೆ ಮುಖ ಎರಡೂ ಇದ್ದೋರಿಗಿಂತ ಭಾವನೆನ ಚೆನ್ನಾಗಿ ಗುರುತಿಸಿದ್ರು. ಮುಖನ ನಾವು ಹಿಡಿತದಲ್ಲಿ ಇಟ್ಕೋತೀವಿ, ನಗ್ತೀವಿ, ನೋಡೋರೂ ಅಲ್ಲೇ ಸಿಕ್ಕಾಕ್ಕೋತಾರೆ.

ಇಕ್ಸ್ ಕಡೆಯಿಂದಾನೂ 1999ರದ್ದು ಒಂದಿದೆ. ಪೂರ್ತಿ ವಿಡಿಯೋ ಒಂದು ಗುಂಪಿಗೆ, ಬರೀ ಆಡಿಯೋ ಇನ್ನೊಂದಕ್ಕೆ, ಮೂರನೇದಕ್ಕೆ ವಿಡಿಯೋ ಜೊತೆ ಮಾತು ಗೊತ್ತಾಗದ ಹಾಗೆ ಫಿಲ್ಟರ್ ಮಾಡಿದ ದನಿ, ಅಂದ್ರೆ ಏರಿಳಿತ ಮಾತ್ರ. ಬರೀ ಆಡಿಯೋದೋರು ಹೆಚ್ಚೂಕಮ್ಮಿ ಪೂರ್ತಿ ವಿಡಿಯೋದೋರಷ್ಟೇ ಸರಿ ಹೇಳಿದ್ರು. ಮಾತು ಕಿತ್ಕೊಂಡ ಗುಂಪು ಮಾತ್ರ ದೊಪ್ ಅಂತ ಬಿತ್ತು. ಬನಶಂಕರಿಯವರ ಟೀ ಅಂಗಡಿ ಜಗಳ ಅದೇನೇ. ಸಿಟ್ಟಾಗಿದಾರೆ ಅನ್ನೋದು ಗೊತ್ತಾಗುತ್ತೆ, ಯಾಕೆ ಅನ್ನೋದು ಗೊತ್ತಾಗೋದು ಮಾತಿಂದ.

ಅಡ್ವೊಕೇಟ್ ಸಾಹೇಬ್ರು

ಕೋರ್ಟಿನ ವಿಚಾರ ಸೇರಿಸ್ತೀನಿ. ಸಾಕ್ಷಿ ಕಟಕಟೇಲಿ ಬೆವರಿದ, ಕಣ್ಣು ತಪ್ಪಿಸಿದ, ಅದಕ್ಕೆ ಸುಳ್ಳು ಹೇಳ್ತಿದಾನೆ ಅಂತ ಕ್ಲೈಂಟುಗಳು ಕಿವೀಲಿ ಪಿಸುಗುಡ್ತಾರೆ. ಮೊದಲ ಸಲ ಕೋರ್ಟ್ ಮೆಟ್ಟಿಲು ಹತ್ತಿದೋನು ನಿಜ ಹೇಳೋವಾಗಲೂ ಬೆವರ್ತಾನೆ ಸ್ವಾಮಿ. ಸುಳ್ಳು ಹಿಡಿಯೋದರ ಬಗ್ಗೆ 2006ರಲ್ಲಿ ಬಾಂಡ್ ಮತ್ತು ಡಿಪೌಲೋ ಅನ್ನೋರು ನೂರಾರು ಅಧ್ಯಯನ ಒಟ್ಟು ಸೇರಿಸಿ ನೋಡಿದಾರೆ, ನಿಜ ಯಾವುದು ಸುಳ್ಳು ಯಾವುದು ಅಂತ ಜನ ಸರಿಯಾಗಿ ಹೇಳಿದ್ದು ಸರಾಸರಿ 54 ಪರ್ಸೆಂಟ್. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ರೆ 50 ಬರುತ್ತೆ. ಪೊಲೀಸು ಗಿಲೀಸು ಅಂತ ಅನುಭವ ಇದ್ದೋರೂ ಅದಕ್ಕಿಂತ ಹೆಚ್ಚೇನೂ ಹಿಡಿದಿಲ್ಲ.

ಮುಖ ನಂಬಕ್ಕಾಗಲ್ಲ ಮಿಷಿನ್ ನಂಬೋಣ ಅಂತ ನಮ್ಮಲ್ಲೇ ಹೊರಟಿದ್ದು ನೆನಪಿದ್ಯಾ? ಮದ್ದು ಚುಚ್ಚಿ ಮಂಪರಲ್ಲಿ ಪ್ರಶ್ನೆ ಕೇಳೋ ಬೆಂಗಳೂರಿನ ನಾರ್ಕೋ ಟೆಸ್ಟು, ಮಿದುಳಿನ ಅಲೆ ಅಳೆಯೋ ಬ್ರೈನ್ ಮ್ಯಾಪಿಂಗು ಒಂದು ಕಾಲದಲ್ಲಿ ದಿನಾ ಟಿವೀಲಿ ಬರ್ತಿತ್ತು. 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸೆಲ್ವಿ ವರ್ಸಸ್ ಕರ್ನಾಟಕ ಸರ್ಕಾರ ಕೇಸಲ್ಲಿ, ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್ (ಸುಳ್ಳು ಪತ್ತೆ ಮಿಷಿನ್), ಬ್ರೈನ್ ಮ್ಯಾಪಿಂಗ್ ಯಾವುದೂ ಮಾಡೋ ಹಾಗಿಲ್ಲ ಅಂತ ತೀರ್ಪು ಕೊಡ್ತು. ಸಂವಿಧಾನದ 20(3)ನೇ ವಿಧಿ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾವ ಆರೋಪಿಯನ್ನೂ ಬಲವಂತ ಮಾಡೋ ಹಾಗಿಲ್ಲ. ತಲೆಯೊಳಗೆ ಇರೋದು ಅವನದ್ದು, ಅಷ್ಟೇ.

ಮೈಸೂರು ಮಲ್ಲಿಗೆ ತೋಟ

ಇಷ್ಟೊತ್ತು ಓದ್ತಾ ಇದ್ದೆ, ಬರೀಬಾರ್ದು ಅಂದ್ಕೊಂಡಿದ್ದೆ. ನಮ್ಮ ಮಗನಿಗೆ ಆಟಿಸಂ. ಅವನಿಗೆ ಬೇರೆಯವರ ಮನಸ್ಸು ಅರ್ಥ ಆಗಲ್ಲ ಅಂತ ಶಾಲೇಲಿ, ನೆಂಟರ ಮನೇಲಿ, ಮದುವೆ ಮನೇಲಿ ಎಲ್ಲಾ ಕಡೆ ಕೇಳಿಸ್ಕೊಂಡು ಸಾಕಾಗಿದೆ. ಆದ್ರೆ ಇಷ್ಟು ಚೆನ್ನಾಗಿ ಮನಸ್ಸು ಅರ್ಥ ಆಗೋ ಈ ಜನಕ್ಕೆ, ಅವನು ಕಿವಿ ಮುಚ್ಕೊಂಡ್ರೆ ಅದು ಹಠ ಅಲ್ಲ ವಾಲಗದ ಸದ್ದು ತಡೀಲಿಕ್ಕಾಗ್ತಿಲ್ಲ ಅಂತ ಯಾಕೆ ಅರ್ಥ ಆಗಲ್ಲ? ನಾನು ಹೇಳಿದ್ರೂ ‘ನೀವು ಮುದ್ದು ಮಾಡಿ ಹಾಳು ಮಾಡಿದೀರ’ ಅಂತಾರೆ. ಅವನದ್ದೇ ಥರದ ಇನ್ನೊಬ್ಬ ಹುಡುಗ ಥೆರಪಿ ಕ್ಲಾಸಲ್ಲಿ ಸಿಕ್ತಾನೆ, ಅವರಿಬ್ರು ರೈಲಿನ ಟೈಂಟೇಬಲ್ ಇಟ್ಕೊಂಡು ಗಂಟೆಗಟ್ಲೆ ಕೂತಿರ್ತಾರೆ, ಒಬ್ಬನಿಗೆ ಸಾಕಾಯ್ತು ಅಂದ್ರೆ ಇನ್ನೊಬ್ಬನಿಗೆ ಹೇಳದೇ ಗೊತ್ತಾಗುತ್ತೆ.

ಸುಮ್ನೆ ಓದೋಳು

ಅಕ್ಕ, ನೀವು ಬರೆದಿದ್ದು ಒಳ್ಳೇದಾಯ್ತು. ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಅವರೇ ಆಟಿಸಂ ಇರೋರು, 2012ರಲ್ಲಿ ಇದೇ ಮಾತನ್ನ ವಾದವಾಗಿ ಇಟ್ರು. ಅರ್ಥ ಆಗದೇ ಇರೋದು ಎರಡೂ ಕಡೆಯಿಂದ, ಒಂದು ಕಡೆಯೋರನ್ನ ಮಾತ್ರ ಕೊರತೆ ಇರೋರು ಅಂತ ಯಾಕೆ ಕರೀತೀರ ಅಂತ. 2020ರಲ್ಲಿ ಎಡಿನ್‌ಬರಾದಲ್ಲಿ ಕ್ರಾಂಪ್ಟನ್ ಟೀಮು ಎಂಟೆಂಟು ಜನರ ಸಾಲು ಮಾಡಿ ಕಿವಿಯಿಂದ ಕಿವಿಗೆ ಕಥೆ ದಾಟಿಸೋ ಪ್ರಯೋಗ ಮಾಡ್ತು. ಬರೀ ಆಟಿಸಂ ಇರೋರ ಸಾಲು, ಬರೀ ಇಲ್ಲದೋರ ಸಾಲು, ಎರಡರಲ್ಲೂ ಕಥೆ ಒಂದೇ ಮಟ್ಟಕ್ಕೆ ಉಳೀತು. ಜಾಸ್ತಿ ಸೋರಿಹೋಗಿದ್ದು ಇಬ್ರನ್ನೂ ಬೆರೆಸಿದ ಸಾಲಲ್ಲಿ.

ಇಕ್ಸ್ ತರಹದ ಅಳತೇಲೂ ಇದೇ ಕಾಣುತ್ತೆ. ಮನಸ್ಸು ಓದೋರು ಎಷ್ಟು ಜಾಣರು ಅನ್ನೋದಷ್ಟೇ ಅಲ್ಲ, ಓದಿಸ್ಕೊಳ್ಳೋರು ಎಷ್ಟು ತೋರಿಸ್ಕೋತಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ‘ನಾನು ಬೇರೆಯವರನ್ನ ಚೆನ್ನಾಗಿ ಅರ್ಥ ಮಾಡ್ಕೋತೀನಿ’ ಅಂತ ಫಾರಂನಲ್ಲಿ ಟಿಕ್ ಹಾಕಿದೋರಿಗೂ, ನಿಜವಾಗ್ಲೂ ಮಾರ್ಕ್ಸ್ ತೆಗೆಯೋರಿಗೂ ಸಂಬಂಧ ಇಲ್ಲ ಅನ್ನೋಷ್ಟು ತೆಳು.

ಎಡಿಸನ್ ಕನ್ನಡಿಗ

ಒಂದು ಆಕ್ಷೇಪ. ಇದೆಲ್ಲಾ ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದ್ದು. ನಾನು ನ್ಯೂಜೆರ್ಸೀಲಿ ಬಹಳ ವರ್ಷದಿಂದ ಇದೀನಿ, ಇಲ್ಲಿ ಮನೆಗೆ ಬಂದೋರು ಕಾಫಿ ಬೇಡ ಅಂದ್ರೆ ಬೇಡ. ನಮ್ಮೂರಲ್ಲಿ ಬೇಡ ಅಂದ ನೆಂಟರಿಗೆ ಎರಡನೇ ಸಲ ಕೇಳ್ಬೇಕು, ಮೂರನೇ ಸಲ ಕೇಳದೇ ಲೋಟ ತಂದು ಇಡ್ಬೇಕು, ಇಡದಿದ್ರೆ ಊರೆಲ್ಲಾ ಹೇಳ್ಕೊಂಡು ಬರ್ತಾರೆ. ಬಾಯಿಬಿಟ್ಟು ಹೇಳೋ ಊರಿನ ಅಳತೆ ಹೇಳದೇ ತಿಳ್ಕೊಳ್ಳೋ ಊರಿಗೆ ಆಗುತ್ತಾ? ನಮ್ಮ ಜನ 35ಕ್ಕಿಂತ ಜಾಸ್ತಿ ತೆಗೀತಾರೆ ಅಂತ ನನ್ನ ನಂಬಿಕೆ.

ಸೊಸೆ ನಂಬರ್ ಎರಡು

ಸರ್, ನೀವು ನ್ಯೂಜೆರ್ಸೀಲಿ ಕೂತು ಹೇಳ್ತಿದೀರ ಅದಕ್ಕೆ ಚೆಂದ ಕಾಣುತ್ತೆ. ಕಾಫಿ ವಿಷ್ಯ ಮನಸ್ಸು ಓದೋದಲ್ಲ, ರೂಲು. ಎಲ್ರಿಗೂ ಗೊತ್ತಿರೋ ರೂಲು, ಅದಕ್ಕೆ ಪಾಸಾಗ್ತೀವಿ. ರೂಲ್ ಇಲ್ಲದ ಕಡೆ ಬನ್ನಿ ನೋಡೋಣ. ನಮ್ಮನೇಲಿ ಹಬ್ಬಕ್ಕೆ ಹೋಳಿಗೆ ಮಾಡೋದಾ ಕಡುಬು ಮಾಡೋದಾ ಅಂತ ಅತ್ತೇನ ಕೇಳಿದ್ರೆ ‘ನಿಮಗೆ ಹೇಗ್ ಬೇಕೋ ಹಾಗ್ ಮಾಡ್ಕೊಳ್ಳಮ್ಮಾ’ ಅಂತಾರೆ. ಈಗ ಊಹೆ ಮಾಡಿ. ದೊಡ್ಡ ಸೊಸೆ ಒಂಥರಾ ಅರ್ಥ ಮಾಡ್ಕೋತಾಳೆ, ನಾನೊಂಥರಾ, ನನ್ನ ಗಂಡ ಏನೂ ಅರ್ಥ ಮಾಡ್ಕೊಳ್ಳದೆ ಟಿವಿ ನೋಡ್ತಾರೆ, ಸಾಯಂಕಾಲ ಅತ್ತೆ ಮುಖ ಊದಿಸ್ಕೊಂಡಿರ್ತಾರೆ. ಹೇಳದೇ ತಿಳ್ಕೊಳ್ಳೋ ಊರಲ್ಲಿ ತಿಳ್ಕೊಳ್ಳೋ ಕೆಲಸ ಯಾವಾಗ್ಲೂ ಕೆಳಗಿರೋರದ್ದೇ. ಅತ್ತೆ ಮನಸ್ಸಲ್ಲಿ ಏನಿದೆ ಅಂತ ಸೊಸೆ ಊಹೆ ಮಾಡ್ಬೇಕು, ಮ್ಯಾನೇಜರ್ ಮನಸ್ಸಲ್ಲಿ ಏನಿದೆ ಅಂತ ಫ್ರೆಶರ್. ಉಲ್ಟಾ ನೋಡಿದೀರಾ?

ಎಡಿಸನ್ ಕನ್ನಡಿಗ

ಕಡುಬಿನ ಕೇಸಲ್ಲಿ ಸೋತೆ ಮೇಡಂ. ಆದ್ರೂ ನಮ್ಮ ಮನೆಗಳಲ್ಲಿ ಇಟ್ಟು ಅಳೀಬೇಕು ಅನ್ನೋ ಮಾತಿಂದ ಹಿಂದೆ ಸರಿಯಲ್ಲ.

ಹೆಡ್‌ಸೆಟ್ ಹಾಕ್ಕೊಂಡೋನು

ಹೆಂಗಸರು ಗಂಡಸರಿಗಿಂತ ಚೆನ್ನಾಗಿ ಮನಸ್ಸು ಓದ್ತಾರೆ ಅಂತಾರಲ್ಲ, ಸೊಸೆ ಮೇಡಂ ಹೇಳಿದ್ದು ನೋಡಿದ್ರೆ ಪ್ರಾಕ್ಟೀಸ್ ಜಾಸ್ತಿ ಇರ್ಬೇಕು.

ಸುಮ್ನೆ ಓದೋಳು

2001ರಲ್ಲಿ ಕ್ಲೈನ್ ಮತ್ತೆ ಹಾಡ್ಜಸ್ ಇದನ್ನ ನೋಡಿದ್ರು. ಸುಮ್ನೆ ಮಾಡಿಸಿದ್ರೆ ಕೆಲವು ಸಂದರ್ಭದಲ್ಲಿ ಹೆಂಗಸರು ಮುಂದೆ. ಸರಿಯಾಗಿ ಊಹೆ ಮಾಡಿದ್ರೆ ದುಡ್ಡು ಕೊಡ್ತೀವಿ ಅಂದ ತಕ್ಷಣ ಗಂಡಸರೂ ಅಷ್ಟೇ ತೆಗೆದ್ರು. ಸಾಮರ್ಥ್ಯ ಇದೆ, ಮನಸ್ಸಿಲ್ಲ ಅಂತ. ಟಿವಿ ನೋಡೋ ಗಂಡಂದಿರ ಬಗ್ಗೆ ಇದಕ್ಕಿಂತ ನಾನೇನೂ ಹೇಳಲ್ಲ.

ಕುಡ್ಲದ ಕುವರಿ

ದುಡ್ಡು ಕೊಟ್ರೆ ಅರ್ಥ ಆಗ್ತದಂತೆ!! ಸ್ಕ್ರೀನ್‌ಶಾಟ್ ತೆಗೆದು ಮನೆ ಗ್ರೂಪಿಗೆ ಹಾಕಿದೆ. ಇವರು ಬರೀ ‘ಓಕೆ’ ಅಂತ ಕಳಿಸಿದ್ದಾರೆ. ಸಿಟ್ಟಾ, ತಮಾಷೆಯಾ, ಓದಿಯೇ ಇಲ್ಲವಾ ಒಂದೂ ಗೊತ್ತಾಗುದಿಲ್ಲ.

ಬನಶಂಕರಿ ಬಸ್‌ಸ್ಟಾಪ್

ವಾಟ್ಸ್ಯಾಪ್ ‘ಓಕೆ’ ಬಗ್ಗೆ ಏನಾದ್ರೂ ಇದ್ಯಾ ಮೇಡಂ?

ಸುಮ್ನೆ ಓದೋಳು

ವಾಟ್ಸ್ಯಾಪ್‌ಗಿಂತ ಮುಂಚಿಂದು ಇದೆ. 2005ರಲ್ಲಿ ಕ್ರೂಗರ್, ಎಪ್ಲಿ ಮತ್ತಿತರರು ಇಮೇಲ್ ಮೇಲೆ ಮಾಡಿದ್ದು. ಕೆಲವು ವಾಕ್ಯ ನಿಜವಾಗಿ, ಕೆಲವು ವ್ಯಂಗ್ಯವಾಗಿ ಬರೆದು ಕಳಿಸ್ಬೇಕು. ಓದೋರಿಗೆ ಯಾವುದು ಯಾವುದು ಅಂತ ನೂರಕ್ಕೆ 78 ಸಲ ಗೊತ್ತಾಗುತ್ತೆ ಅಂತ ಬರೆದೋರ ಅಂದಾಜು. ಗೊತ್ತಾಗಿದ್ದು 56. ಬರೆಯೋವಾಗ ನಮ್ಮ ಕಿವೀಲಿ ನಮ್ಮ ದನಿ ಕೇಳ್ತಾ ಇರುತ್ತೆ, ಓದೋರಿಗೆ ಅದು ಹೋಗಲ್ಲ.

ಎಪ್ಲಿ ಅವರದ್ದೇ ಇನ್ನೊಂದು, 2018ರಲ್ಲಿ ತಾಲ್ ಎಯಾಲ್, ಮೇರಿ ಸ್ಟೆಫೆಲ್ ಜೊತೆ ಸೇರಿ ಮಾಡಿದ 25 ಪ್ರಯೋಗ. ‘ಅವರ ಜಾಗದಲ್ಲಿ ನಿಂತು ಯೋಚಿಸು’ ಅಂತ ನಾವೆಲ್ಲಾ ಉಪದೇಶ ಮಾಡ್ತೀವಲ್ಲ, ಹಾಗೆ ಯೋಚಿಸಿದ್ರೂ ಊಹೆ ಒಂಚೂರೂ ಸುಧಾರಿಸಲಿಲ್ಲ. ಸುಧಾರಿಸಿದ್ದು ನೇರವಾಗಿ ಕೇಳಿ ತಿಳ್ಕೊಂಡಾಗ.

ಸೊಸೆ ನಂಬರ್ ಎರಡು

ಕೇಳಿದ್ನಲ್ಲಾ, ‘ನಿಮಗೆ ಹೇಗ್ ಬೇಕೋ ಹಾಗ್ ಮಾಡ್ಕೊಳ್ಳಮ್ಮಾ’.

ಸುಮ್ನೆ ಓದೋಳು

ಹ್ಞಾಂ, ಅದಕ್ಕೆ ಪ್ರಯೋಗ ಇಲ್ಲ. ಕೇಳಿದ್ರೆ ಹೇಳ್ತಾರೆ ಅನ್ನೋ ನಂಬಿಕೆ ಮೇಲೆ ಈ ಸಲಹೆ ನಿಂತಿದೆ, ಹೇಳಿದ್ರೆ ತನಗೆ ನಷ್ಟ ಇಲ್ಲ ಅಂತ ಎದುರಿನೋರಿಗೆ ಗ್ಯಾರಂಟಿ ಇರ್ಬೇಕು. ನಿಮ್ಮ ಅತ್ತೆಗೆ ಬಹುಶಃ ಹೇಳಿದ್ಮೇಲೆ ಆಗಲ್ಲ ಅನ್ನಿಸ್ಕೊಳ್ಳೋದಕ್ಕಿಂತ ಹೇಳದೇ ಇರೋದೇ ಸೇಫು. ‘ಕಡುಬಿಗೆ ಅಕ್ಕಿ ನೆನೆಹಾಕ್ಲಾ’ ಅಂತ ಕೇಳಿ ನೋಡಿ, ಹೋಳಿಗೆ ಬೇಕಿದ್ರೆ ಬಾಯಿ ಬಿಡ್ತಾರೆ. ಇದು ಸೈಕಾಲಜಿ ಅಲ್ಲ, ನಮ್ಮಮ್ಮ ಹೇಳಿದ್ದು.

ಎಡಿಸನ್ ಕನ್ನಡಿಗ

ಎಷ್ಟು ವರ್ಷ ಜೊತೆಗಿದ್ರೆ ಅಷ್ಟು ಚೆನ್ನಾಗಿ ಗೊತ್ತಾಗುತ್ತೆ ಅನ್ನೋದಾದ್ರೂ ಉಳಿದಿದ್ಯಾ ಅಥವಾ ಅದೂ ಹೋಯ್ತಾ?

ಸುಮ್ನೆ ಓದೋಳು

ಸ್ವಲ್ಪ ಹೋಯ್ತು. ಅಪರಿಚಿತರಿಂದ ಸ್ನೇಹಿತರಾಗೋವರೆಗೆ ಏರುತ್ತೆ. ಆಮೇಲೆ ನ್ಯೂಜಿಲೆಂಡಲ್ಲಿ ಥಾಮಸ್, ಫ್ಲೆಚರ್, ಲ್ಯಾಂಗ್ 1997ರಲ್ಲಿ ದಂಪತಿಗಳ ಮೇಲೆ ಮಾಡಿದ್ದರಲ್ಲಿ, ಮದುವೆಯಾಗಿ ಹೆಚ್ಚು ವರ್ಷ ಆದೋರ ಊಹೆ ಕಮ್ಮಿ ಸರಿ ಇತ್ತು. ಗೊತ್ತು ಅನ್ನೋ ಧೈರ್ಯ ಮಾತ್ರ ವರ್ಷದ ಜೊತೆ ಏರ್ತಾ ಹೋಗುತ್ತೆ ಅಂತ ಸ್ವಾನ್ ಮತ್ತೆ ಗಿಲ್ ಅದೇ ವರ್ಷ ತೋರಿಸಿದ್ರು. ನೋಡೋದನ್ನ ಬಿಡ್ತೀವಿ, ನೆನಪಿಂದ ಹೇಳ್ತೀವಿ.

ಅಡ್ವೊಕೇಟ್ ಸಾಹೇಬ್ರು

ಫ್ಯಾಮಿಲಿ ಕೋರ್ಟಲ್ಲಿ ನಾನು ದಿನಾ ಕೇಳೋ ಡೈಲಾಗು, ‘ಇವಳು ಏನ್ ಯೋಚಿಸ್ತಾಳೆ ಅಂತ ನಂಗೊತ್ತಿಲ್ವಾ ಸಾರ್’. ಇಬ್ರೂ ಇದನ್ನೇ ಹೇಳ್ತಾರೆ, ಮೀಡಿಯೇಷನ್ ಸೆಂಟರಲ್ಲಿ ಕೂರಿಸಿ ಮಾತಾಡಿಸಿದ್ರೆ ಇಬ್ರಿಗೂ ಗೊತ್ತಿರಲ್ಲ. ಆದ್ರೆ ಒಂದು ಕೇಳ್ತೀನಿ ಮೇಡಂ, ಎಲ್ಲಾ ಗೊತ್ತಾಗಿಬಿಟ್ರೆ ಸಂಸಾರ ನಡೆಯುತ್ತಾ? ನನಗೆ ಬರೋ ಅರ್ಧ ಕೇಸು ಗಂಡನ ಫೋನಲ್ಲಿ ಹೆಂಡತಿ ಏನೋ ಓದಿ ಶುರು ಆಗಿದ್ದು.

ಸುಮ್ನೆ ಓದೋಳು

ಅದಕ್ಕೂ ಒಂದಿದೆ ಸರ್. 1995, ಸಿಂಪ್ಸನ್, ಇಕ್ಸ್, ಬ್ಲಾಕ್‌ಸ್ಟೋನ್. ಲವ್ ಮಾಡ್ತಿರೋ ಜೋಡಿಗಳನ್ನ ಕೂರಿಸಿ, ಬೇರೆ ಹುಡುಗ ಹುಡುಗೀರ ಫೋಟೋ ತೋರಿಸಿ, ಇವರು ಎಷ್ಟು ಚೆನ್ನಾಗಿದಾರೆ ಅಂತ ಇಬ್ರೂ ಎದುರೆದುರೇ ಜೋರಾಗಿ ಮಾರ್ಕ್ಸ್ ಹಾಕ್ಬೇಕು. ಅದನ್ನ ರೆಕಾರ್ಡ್ ಮಾಡಿ, ಆಮೇಲೆ ಜೊತೆಗಾರರ ಯೋಚನೆ ಊಹೆ ಮಾಡ್ಬೇಕು. ಫೋಟೋದೋರು ತುಂಬಾ ಚೆನ್ನಾಗಿದ್ದು, ಇಬ್ರೂ ತುಂಬಾ ಹತ್ತಿರದೋರಾಗಿದ್ದು, ಸಂಬಂಧದ ಬಗ್ಗೆ ಒಳಗೊಳಗೆ ಭಯ ಇದ್ರೆ, ಆ ಜೋಡಿಗಳ ಊಹೆ ಪಾತಾಳಕ್ಕೆ ಬಿತ್ತು, ಅಪರಿಚಿತರ ಮಟ್ಟ. ನಾಲ್ಕು ತಿಂಗಳು ಬಿಟ್ಟು ವಿಚಾರಿಸಿದ್ರೆ ಆ ಜೋಡಿಗಳೆಲ್ಲಾ ಇನ್ನೂ ಜೊತೆಗಿದ್ರು. ಬೇಕಂತ ಓದದೇ ಇರೋದೂ ಒಂದು ವಿದ್ಯೆ ಅಂತ ಇಕ್ಸ್ ವಾದ.

ಮೈಸೂರು ಮಲ್ಲಿಗೆ ತೋಟ

ಇದನ್ನ ನಾನು ಪೂರ್ತಿ ಒಪ್ಪಲ್ಲ. ನಾಲ್ಕು ತಿಂಗಳು ಜೊತೆಗಿದ್ರು ಸರಿ, ಕಣ್ಣು ಮುಚ್ಕೊಂಡು ನಾಲ್ಕು ವರ್ಷ ಇರೋಕಾಗುತ್ತಾ? ಕೆಲವು ಮನೇಲಿ ಅದನ್ನೇ ಹೊಂದಾಣಿಕೆ ಅಂತ ಕರೆದು ಹೆಂಗಸರನ್ನ ಬಾಯಿ ಮುಚ್ಚಿಸ್ತಾರೆ.

ಸುಮ್ನೆ ಓದೋಳು

ಅವರು ನೋಡಿದ್ದು ಲವ್ ಮಾಡೋ ಕಾಲೇಜು ಜೋಡಿಗಳನ್ನ, ಅಷ್ಟೇ ದೂರಕ್ಕೆ ಆ ಮಾತು ಹೋಗೋದು ಅಕ್ಕ. ನೀವು ಹೇಳಿದ್ದು ಬೇರೆ ವಿಷ್ಯ, ಅಲ್ಲಿ ಎಲ್ಲಾ ಗೊತ್ತಿದ್ದೂ ಗೊತ್ತಿಲ್ಲದಂಗೆ ಇರ್ತಾರೆ.

ಹುಬ್ಬಳ್ಳಿ ಹುಡ್ಗ

ಎರಡ್ ದಿನಾ ಬಿಟ್ಟು ಬಂದೀನಿ. ಮೇಡಂ ಹೇಳಿದ್ದಕ್ಕ ಸಿಟ್ಟೂ ಬಂದಿತ್ತು, ಆದ್ರೂ ಅಪ್ಪಾರು ಊಟಕ್ಕ ಹೋದಾಗ ಖಾಲಿ ಕೈಲೆ ಇಳದು ಹೋಗಾವ್ರನ್ನ ನಿಂದ್ರಿಸಿ ಕೇಳ್ದೆ, ‘ಯಾಕ್ ಅಕ್ಕಾರ, ಏನ್ ಹಿಡಸಲಿಲ್ಲ?’ ಅಂತ. ಒಬ್ರು ರೇಟ್ ಅಂದ್ರು, ಅದು ನನಗ ಗೊತ್ತಿತ್ತು. ಇನ್ನೊಬ್ರು ವಯಸ್ಸಾದವ್ರು, ‘ಕುಂದ್ರಾಕ ಗಾದಿ ಹಾಕೀರಿ, ನನಗ ಮೊಣಕಾಲು ಬಗ್ಗೂದಿಲ್ಲಪ್ಪಾ, ಎಷ್ಟೊತ್ತು ನಿಂದರಲಿ’ ಅಂದ್ರು. ನಾ ಅವ್ರನ್ನ ಟೈಂಪಾಸ್ ಗಿರಾಕಿ ಅಂತ ಲೆಕ್ಕ ಹಾಕಿದ್ದೆ ನೋಡ್ರಿ. ಉಳಿದಾವ್ರು ‘ಏನಿಲ್ಲ, ಮತ್ತ ಬರ್ತೇವಿ’ ಅಂತ ಹೋದ್ರು, ಅವ್ರ ಮನಸ್ಸಿನ್ಯಾಗ ಏನಿತ್ತೋ ಆ ಸಿದ್ಧಾರೂಢಗ ಗೊತ್ತು.

ಅಪ್ಪಾರಿಗೆ ಇನ್ನೂ ಹೇಳಿಲ್ಲ. ನಾಲ್ಕು ಖುರ್ಚಿ ತರಸ್ಬೇಕು ಅಂತ ಮಾಡೀನಿ, ಯಾಕ್ ಅಂತ ಕೇಳಿದ್ರ ಏನ್ ಹೇಳ್ಲಿ?

ಕುಡ್ಲದ ಕುವರಿ

ಎಂತ ಹೇಳುದು ಬೇಡ. ಖುರ್ಚಿ ನೋಡಿ ಅವರೇ ನಿಮ್ಮ ಮನಸ್ಸು ಓದ್ಲಿ, ಇಪ್ಪತ್ತು ವರ್ಷದ ಅನುಭವ ಉಂಟಲ್ಲ.